ಪಕ್ಕದಲ್ಲಿ ಕುಳಿತವರ ಮಾತು

ಸೆಲ್ಲೊ ನಮ್ಮ ಕಡೆಯ ವಾದ್ಯವಲ್ಲ. ಆದರೂ ಸಿನೆಮಾ ಹಾಡುಗಳಲ್ಲಿ ಪಿಟೀಲುಗಳ ಹಿಂದೆ ತಗ್ಗಿದ ದನಿಯಲ್ಲಿ ಅದು ಮೊಳಗುವುದನ್ನು ಹೆಸರು ತಿಳಿಯದೆಯೇ ನಾವೆಲ್ಲ ಕೇಳಿದ್ದೇವೆ. ಪಿಟೀಲಿನ ಮನೆತನಕ್ಕೇ ಸೇರಿದ, ಎರಡು ಮೊಣಕಾಲುಗಳ ನಡುವೆ ಇಟ್ಟು ನುಡಿಸುವ, ನಾಲ್ಕು ತಂತಿಯ ದೊಡ್ಡ ವಾದ್ಯ ಅದು. ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿ ಸೆಲ್ಲೊ ವಾದಕಿಯಾಗಿ ಪಳಗಿದ ರೆಗುಲಾ ಖುರೇಶಿ, ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದಲ್ಲಿ ಸಂಗೀತದ ಪ್ರಾಧ್ಯಾಪಕಿಯಾಗಿದ್ದವರು. ಸೆಲ್ಲೊ ಹಿಡಿದ ಕೈಯಲ್ಲೇ ಅವರು ಸಾರಂಗಿ ಹಿಡಿದರು. ಲಖನೌ, ದೆಹಲಿಗಳಲ್ಲಿ ಉಸ್ತಾದರ ಮುಂದೆ ಶಾಗಿರ್ದಳಾಗಿ ಕುಳಿತರು. 1986ರಲ್ಲಿ ಕವ್ವಾಲಿಯ ಬಗ್ಗೆ ದೊಡ್ಡ ಗ್ರಂಥ ಬರೆದರು. 2007ರಲ್ಲಿ ವಂಶಪಾರಂಪರ್ಯದ ಸಾರಂಗಿ ವಾದಕರ ಮಾತುಗಳನ್ನೇ ಒಂದು ಪುಸ್ತಕವಾಗಿ ಇಂಗ್ಲಿಷಿನಲ್ಲಿ ಪ್ರಕಟಿಸಿದರು. ನಾನು ಇಲ್ಲಿ ಚರ್ಚಿಸಬೇಕೆಂದಿರುವುದು ಈ ಎರಡನೆಯ ಪುಸ್ತಕವನ್ನು.

ಸೆಲ್ಲೊ ಮತ್ತು ಸಾರಂಗಿ ಎರಡೂ ಕಮಾನಿನ ವಾದ್ಯಗಳು. ಎರಡೂ ಬಹುಕಾಲ ಇನ್ನೊಬ್ಬರ ಪಕ್ಕದಲ್ಲಿ ಕುಳಿತು ದುಡಿದವು. ಬಾಖ್ ಸುಮಾರು 1720ರ ಹೊತ್ತಿಗೆ ಸೆಲ್ಲೊ ಒಂದಕ್ಕಾಗಿಯೇ ಆರು ಕೃತಿಗಳನ್ನು ರಚಿಸಿದ್ದ. ಅವು ಬಹುಕಾಲ ಕೈಸಾಧನೆಯ ಪಾಠಗಳೆಂಬಂತೆ ಮೂಲೆಯಲ್ಲಿದ್ದವು. 1890ರಲ್ಲಿ ಬಾರ್ಸೆಲೋನಾದ ಅಂಗಡಿಯೊಂದರಲ್ಲಿ ಅವು ಪಾಬ್ಲೊ ಕಸಾಲ್ಸ್ ಎಂಬ ಹುಡುಗನ ಕೈಗೆ ಸಿಕ್ಕವು. ಅವನು 1936ರಿಂದ 1939ರ ನಡುವೆ ಧ್ವನಿಮುದ್ರಿಸಿದ ಮೇಲೆ ಜಗತ್ತು ಅವಕ್ಕೆ ಕಿವಿಗೊಟ್ಟಿತು. ಬಾಖ್‌ನ ಸ್ವಂತ ಹಸ್ತಪ್ರತಿ ಉಳಿದಿಲ್ಲ. ಹೆಂಡತಿ ಆನಾ ಮಗ್ದಲೇನಾ ಮಾಡಿದ ನಕಲು ಉಳಿದಿದೆ. ಆ ಕಾಗದವನ್ನಿಟ್ಟುಕೊಂಡು ವಿದ್ವಾಂಸರು ಇಂದಿಗೂ ಒಂದೊಂದು ಗೆರೆಗೂ ವಾದ ಹೂಡುತ್ತಾರೆ.

ಸಾರಂಗಿಗೆ ಅಂಥ ಕಾಗದವಿಲ್ಲ. ಒಂದೇ ಮರದ ತುಂಡಿನಿಂದ ಕೊರೆದು, ಚರ್ಮ ಹೊದಿಸಿ, ಮೂರು ಮುಖ್ಯ ತಂತಿಗಳ ಕೆಳಗೆ ಮೂವತ್ತಕ್ಕೂ ಹೆಚ್ಚು ತಂತಿಗಳು ತಾವಾಗಿಯೇ ಮಿಡಿಯುವಂತೆ ಕಟ್ಟಿದ ವಾದ್ಯವಿದು. ಸೆಲ್ಲೊದಲ್ಲಿ ಬೆರಳ ತುದಿಯಿಂದ ತಂತಿಯನ್ನು ಒತ್ತಿದರೆ, ಸಾರಂಗಿಯಲ್ಲಿ ಉಗುರಿನ ಬುಡವನ್ನು ತಂತಿಯ ಪಕ್ಕಕ್ಕೆ ಒತ್ತಿ ಜಾರಿಸಬೇಕು. ಮನುಷ್ಯನ ಕಂಠದ ಜಾರು, ನಡುಕ, ಬಿಕ್ಕು ಎಲ್ಲವೂ ಅದರಲ್ಲಿ ಬರುವುದು ಇದರಿಂದಲೇ. ಈ ವಿದ್ಯೆ ಬರೆದಿಟ್ಟದ್ದಲ್ಲ, ತಂದೆಯ ಕೈಯಿಂದ ಮಗನ ಕೈಗೆ ದಾಟಿದ್ದು. ಹಾಗಾಗಿ ಸಾರಂಗಿಯ ಸಂಶೋಧಕರಿಗೆ ಮನುಷ್ಯರೇ ಗ್ರಂಥಾಲಯ. ಒಬ್ಬ ಉಸ್ತಾದ್ ತೀರಿಕೊಂಡರೆ ಒಂದು ಕಪಾಟು ಸುಟ್ಟಂತೆ.

ಖುರೇಶಿಯವರ ಪುಸ್ತಕದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಅವರಿಗಿಂತ ಮೊದಲೂ ಒಳ್ಳೆಯ ಕೆಲಸ ನಡೆದಿತ್ತು. ಡೇನಿಯಲ್ ನ್ಯೂಮನ್ 1980ರ ತಮ್ಮ ಪುಸ್ತಕದಲ್ಲಿ, ಸಾರಂಗಿ ಮನೆತನದವರು ಗಾಯಕರಾಗಿ ಬದಲಾದಾಗ ಹಳೆಯ ಗುರುತನ್ನು ಹೇಗೆ ಮರೆಮಾಡಬೇಕಾಯಿತು ಎಂಬುದನ್ನು ತೋರಿಸಿದ್ದರು. ಯೋಪ್ ಬೋರ್ ಸಾರಂಗಿಯ ಚರಿತ್ರೆಯನ್ನು ಶ್ರಮಪಟ್ಟು ಜೋಡಿಸಿದ್ದರು. ಆದರೆ ಅಲ್ಲಿ ವಿದ್ವಾಂಸ ಮಾತನಾಡುತ್ತಾನೆ, ಉಸ್ತಾದ್ ಸಾಕ್ಷಿ ಹೇಳುತ್ತಾನೆ. ಖುರೇಶಿ ಈ ಆಸನಗಳನ್ನು ಅದಲುಬದಲು ಮಾಡಿದರು. ಸಂಭಾಷಣೆಯನ್ನು ಸಂಭಾಷಣೆಯಾಗಿಯೇ ಇಟ್ಟರು. ತಾಲೀಮು, ಹಸಿವು, ರೇಡಿಯೊ ನೌಕರಿ, ಖಾಂದಾನಿನ ಹೆಮ್ಮೆ, ಅವಮಾನ ಎಲ್ಲವನ್ನೂ ವಾದಕರೇ ತಮ್ಮ ಕ್ರಮದಲ್ಲಿ ಹೇಳುತ್ತಾರೆ.

ಅವಮಾನದ ಮಾತನ್ನು ನಾವು ಹಾರಿಸಿ ಓದಬಾರದು. ಸಾರಂಗಿ ತವಾಯಫರ ಹಾಡಿಗೆ ಜೊತೆಯಾಗಿತ್ತು. ಅದೇ ಕಾರಣಕ್ಕೆ ಸುಧಾರಕರು ಅದನ್ನು ಕೀಳಾಗಿ ಕಂಡರು. ಶಾಸ್ತ್ರ ಗೊತ್ತಿಲ್ಲದವರು ಎಂದು ವಿದ್ಯಾವಂತರು ಉಸ್ತಾದರನ್ನು ದೂರವಿಟ್ಟರು, ಆದರೆ ಅವರಿಂದಲೇ ಚೀಜುಗಳನ್ನು ಬರೆದುಕೊಂಡರು. ಇದನ್ನು ಹೇಳುವುದು ಸುಲಭ. ನಮ್ಮವರೇ 'ಮೀರಾಸಿ' ಎಂಬ ಪದವನ್ನು ಬೈಗುಳದಂತೆ ಬಳಸಿದ್ದನ್ನು ಹೇಳುವುದು ಕಷ್ಟ. ಸಮಾನತೆಯ ಮಾತಾಡುವ ಸಮುದಾಯ ಮದುವೆ ಸಂಬಂಧದ ಹೊತ್ತಿಗೆ ವಾದಕರ ಮನೆಯನ್ನು ಬಿಟ್ಟು ಮುಂದೆ ಹೋಯಿತು. ಸಂಗೀತದ ಬಗ್ಗೆ ಧಾರ್ಮಿಕ ಅಭಿಪ್ರಾಯ ಏನೇ ಇರಲಿ, ದುಡಿಯುವ ಮನುಷ್ಯನನ್ನು ಹುಟ್ಟಿನಿಂದ ಕೀಳೆಂದು ಕಾಣಲು ಅದು ಆಧಾರವಾಗಲಾರದು.

ಆಕಾಶವಾಣಿಯ ಕತೆಯಲ್ಲೂ ಒಂದು ವ್ಯಂಗ್ಯವಿದೆ. 1940ರಲ್ಲಿ ರೇಡಿಯೊ ಹಾರ್ಮೋನಿಯಂ ಅನ್ನು ನಿಷೇಧಿಸಿತು. 1971ರವರೆಗೂ ಆ ಬಾಗಿಲು ತೆರೆಯಲಿಲ್ಲ. ಆ ವರ್ಷಗಳಲ್ಲಿ ಸಾರಂಗಿಯವರಿಗೆ ಸಂಬಳದ ಕೆಲಸ ಸಿಕ್ಕಿತು. ಅದೇ ರೇಡಿಯೊ ನಾಯಕರು ಸತ್ತಾಗಲೆಲ್ಲ ಸಾರಂಗಿಯನ್ನು ಕೇಳಿಸಿ ಅದನ್ನು ಸಾವಿನ ವಾದ್ಯವನ್ನಾಗಿ ಮಾಡಿತು. ರಾಮ್ ನಾರಾಯಣ್ (1927–2024) ಅದನ್ನು ಒಂಟಿಯಾಗಿ ವೇದಿಕೆಗೆ ತಂದರು. ಆದರೆ ಒಬ್ಬರಿಗೆ ಸಿಕ್ಕ ಗೌರವ ಪಕ್ಕದಲ್ಲಿ ಕುಳಿತ ನೂರು ಜನರ ಮನೆಗೆ ತಲುಪಲಿಲ್ಲ.

ಪುಸ್ತಕದ ಬಗ್ಗೆ ನನ್ನ ತಕರಾರುಗಳೂ ಇವೆ. ಉರ್ದು, ಹಿಂದಿಯಲ್ಲಿ ನಡೆದ ಮಾತು ನಮಗೆ ಸಿಗುವುದು ಇಂಗ್ಲಿಷಿನಲ್ಲಿ. ಉಸ್ತಾದ್ ಯಾರನ್ನು 'ಆಪ್' ಎಂದರು, ಯಾರ ಹೆಸರು ಬಂದಾಗ ಕಿವಿ ಮುಟ್ಟಿಕೊಂಡರು ಎಂಬುದರಲ್ಲಿ ಅರ್ಧ ಚರಿತ್ರೆ ಅಡಗಿರುತ್ತದೆ. ಅದು ಅನುವಾದದಲ್ಲಿ ಸೋರಿಹೋಗುತ್ತದೆ. ಎರಡನೆಯದು, ಇಲ್ಲಿನ ಮಾತು ಗಂಡಸರದ್ದು. ಇವರು ಯಾರಿಗೆ ಕಲಿಸಿದರೋ, ಯಾರ ಸಂಪಾದನೆಯಲ್ಲಿ ಪಾಲು ಪಡೆದರೋ ಆ ಹೆಂಗಸರು ಹಿನ್ನೆಲೆಯಲ್ಲೇ ಉಳಿಯುತ್ತಾರೆ. ತವಾಯಫರ ಬಗ್ಗೆ ಖುರೇಶಿ 2006ರಲ್ಲಿ ಬೇರೆ ಲೇಖನ ಬರೆದಿದ್ದಾರೆ, ನಿಜ. ಆದರೆ ಒಂದೇ ಕೋಣೆಯಲ್ಲಿ ಕುಳಿತವರನ್ನು ಎರಡು ಪುಸ್ತಕಗಳಲ್ಲಿ ಕೂರಿಸಿದಂತಾಯಿತು.

ಮೂರನೆಯ ತಕರಾರು ಕನ್ನಡಿಗನದ್ದು. ಈ ಸಂಶೋಧನೆ ಉತ್ತರದ ನಗರಗಳ ಸುತ್ತಲೇ ತಿರುಗುತ್ತದೆ. ಕೈರಾನಾದಲ್ಲಿ ಹುಟ್ಟಿದ ಅಬ್ದುಲ್ ಕರೀಂ ಖಾನರು (1872–1937) ಮೈಸೂರು ದರ್ಬಾರಿನಲ್ಲಿ ಹಾಡಿದರು, ಧಾರವಾಡಕ್ಕೆ ಬಂದುಹೋದರು, ಕುಂದಗೋಳದ ರಾಮಭಾವು ಅವರಿಗೆ, ಅಂದರೆ ಸವಾಯಿ ಗಂಧರ್ವರಿಗೆ, ವಿದ್ಯೆ ಕೊಟ್ಟರು. ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ ಅದೇ ಬಳ್ಳಿಯವರು. ಕಿರಾನಾ ಗಾಯಕಿಯ ಸ್ವರವನ್ನು ಎಳೆದು ನಿಲ್ಲಿಸುವ ಗುಣ ಸಾರಂಗಿಗೆ ಹತ್ತಿರದ್ದು. ಖಾನ್ ಸಾಹೇಬರು ಸ್ವತಃ ಸಾರಂಗಿ ಬಲ್ಲವರು. ಸಾಂಗ್ಲಿಯ ಕೆ. ಬಿ. ದೇವಲ್ ಶ್ರುತಿಗಳನ್ನು ಅಳೆಯಲು ಹೊರಟಾಗ ನೆರವಾದದ್ದು ಅವರ ಕಂಠವೇ. ಉತ್ತರ ಕರ್ನಾಟಕದ ಸಂಗೀತದ ಬಗ್ಗೆ ಹೆಮ್ಮೆಪಡುವ ನಾವು ಅದರ ಬೇರಿನಲ್ಲಿರುವ ಈ ಕಮಾನಿನ ಸದ್ದನ್ನು ಎಷ್ಟು ಕೇಳಿಸಿಕೊಂಡಿದ್ದೇವೆ?

ಕನ್ನಡದಲ್ಲಿ ಮನ್ಸೂರರ, ಗಂಗೂಬಾಯಿಯವರ ಆತ್ಮಕಥೆಗಳಿವೆ. ಅವು ನಮ್ಮ ಭಾಷೆಯ ಆಸ್ತಿ. ಆದರೆ ಅಲ್ಲಿಯೂ ಪಕ್ಕದಲ್ಲಿ ಕುಳಿತವರು ಪಕ್ಕದಲ್ಲೇ ಕುಳಿತಿದ್ದಾರೆ. ನಮ್ಮ ನಗರಗೆರೆಯಂಥ ಗಡಿಯೂರುಗಳಲ್ಲಿ ದಖನಿ, ತೆಲುಗು, ಕನ್ನಡ ಮೂರೂ ಒಂದೇ ಜಗಲಿಯಲ್ಲಿ ಕೇಳಿಸುತ್ತವೆ. ಚಿಂತಾಮಣಿ ಕಡೆಯ ಮುರುಗಮಲ್ಲದ ದರ್ಗಾಕ್ಕೆ ಎಲ್ಲ ಜಾತಿಯವರೂ ಹೋಗುತ್ತಾರೆ. ಉರೂಸುಗಳಲ್ಲಿ ಈಗ ಕವ್ವಾಲರ ಮುಂದೆ ಇರುವುದು ಹಾರ್ಮೋನಿಯಂ, ಢೋಲಕ್. ಆ ಢೋಲಕ್ ಬಾರಿಸುವವನ ಹೆಸರು ಕರಪತ್ರದಲ್ಲಿ ಅಚ್ಚಾಗುವುದಿಲ್ಲ.

ಹೊರದೇಶದ ಸೆಲ್ಲೊ ವಾದಕಿಯೊಬ್ಬರು ಮಾಡಿದ ಕೆಲಸಕ್ಕೆ ಬೇಕಾಗಿದ್ದು ದೊಡ್ಡ ಯಂತ್ರಗಳಲ್ಲ. ವರ್ಷಗಟ್ಟಲೆ ಎದುರಿಗೆ ಕುಳಿತು ಕಲಿಯುವ ತಾಳ್ಮೆ, ಮಾತನ್ನು ನಡುವೆ ಕತ್ತರಿಸದ ಸಂಯಮ. ಹಂಪಿಯ ಕನ್ನಡ ವಿಶ್ವವಿದ್ಯಾಲಯ, ಮೈಸೂರಿನಲ್ಲಿ ಗಂಗೂಬಾಯಿಯವರ ಹೆಸರಿನಲ್ಲೇ ಇರುವ ಸಂಗೀತ ವಿಶ್ವವಿದ್ಯಾಲಯ ನಮ್ಮಲ್ಲಿವೆ. ಧಾರವಾಡ, ಹುಬ್ಬಳ್ಳಿ, ಕಲಬುರಗಿಯ ಪಕ್ಕವಾದ್ಯದ ಮನೆಗಳಿಗೆ ಹೋಗಿ, ಅಲ್ಲಿನ ಹಿರಿಯರ ಮಾತನ್ನು ಅವರದೇ ದಖನಿಯಲ್ಲಿ ಧ್ವನಿಮುದ್ರಿಸಿ, ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸುವುದು ಅಸಾಧ್ಯದ ಕೆಲಸವಲ್ಲ. ಆ ಮನೆಗಳ ಹೆಂಗಸರನ್ನೂ ಕೇಳಬೇಕು. ಉರ್ದು, ಕನ್ನಡ ಎರಡನ್ನೂ ಕಲಿತ ನಮ್ಮ ಹುಡುಗ ಹುಡುಗಿಯರಿಗಿಂತ ಈ ಕೆಲಸಕ್ಕೆ ತಕ್ಕವರು ಇನ್ಯಾರಿದ್ದಾರೆ?