ಮೀನು ಯಾವಾಗ ಬೀಳ್ತದ?: ವಿರಾಮದ ವಿಡಿಯೋ ಗೇಮು ಆಡುವವರ ಪ್ರಶ್ನೆಗಳನ್ನು ಓದುವುದು

ದನಿ ಕೇಳಸ್ತಿದೆ ಅನ್ಕೊಂಡು ಶುರು ಮಾಡ್ತೀನಿ. ಕೋವಾಡದಿಂದ ಮಾತಾಡ್ತಿದೀನಿ, ನಡುವೆ ನೆಟ್‌ವರ್ಕ್ ಹೋದ್ರ ಎರಡು ನಿಮಿಷ ತಡೀರಿ.

ನನ್ನ ವಿಷಯ ಮೀನು ಹಿಡಿಯುವ ವಿಡಿಯೋ ಗೇಮು. ಇನ್ನೂ ಬಿಡಿಸಿ ಹೇಳಬೇಕಂದ್ರ, ಅಂಥ ಗೇಮು ಆಡುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು. ಕನ್ನಡ ವಿಭಾಗದ ಸೆಮಿನಾರಿನಲ್ಲಿ ಇದೇನಿದು ಅಂತ ಯಾರಿಗಾದರೂ ಅನ್ನಿಸಬಹುದು. ಆದರೆ ಪ್ರಶ್ನೋತ್ತರ ನಮಗೆ ಪರಕೀಯ ಪ್ರಕಾರವಲ್ಲ. ಶೂನ್ಯಸಂಪಾದನೆ ಬೆಳೆಯುವುದೇ ಸಂವಾದದ ಮೇಲೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆ ನಿಂತಿರೋದು ಸವಾಲು-ಜವಾಬಿನ ಮ್ಯಾಲೆ. ಕೇಳುವವನು ಲೋಕ ಹೇಗಿದೆ ಎಂದು ನಂಬಿದ್ದಾನೆ ಎಂಬುದು ಅವನ ಪ್ರಶ್ನೆಯಲ್ಲಿ ಗೊತ್ತಾಗುತ್ತದೆ. ಆ ದೃಷ್ಟಿಯಿಂದ ಈ ಪ್ರಶ್ನೆಗಳನ್ನು ಒಂದು ಪಠ್ಯದಂತೆ ಓದುತ್ತೇನೆ.

ನಾನು ಮುಖ್ಯವಾಗಿ ಇಟ್ಟುಕೊಂಡಿರುವುದು 2016ರಲ್ಲಿ ಬಂದ ಸ್ಟಾರ್‌ಡ್ಯೂ ವ್ಯಾಲಿ. ದೊಡ್ಡ ಕಂಪನಿಯ ಬಂಡವಾಳವಿಲ್ಲದೆ ಒಬ್ಬರೋ ನಾಲ್ಕು ಮಂದಿಯೋ ಸೇರಿ ಮಾಡುವ ಗೇಮಿಗೆ ಇಂಡೀ ಅಂತಾರೆ. ಇದನ್ನು ಎರಿಕ್ ಬರೋನ್ ಎಂಬ ಒಬ್ಬರೇ ಮೊದಲು ಮಾಡಿದರು, ಚಿತ್ರ, ಸಂಗೀತ, ಕತೆ ಎಲ್ಲ ಸೇರಿ. ಹೊಲ ಮಾಡುವುದು ಅದರ ಮುಖ್ಯ ಕೆಲಸವಾದರೂ, ಎಷ್ಟೋ ಜನ ಅದರೊಳಗೆ ಗಾಳ ಹಿಡಿದು ಕೂಡಲಿಕ್ಕೇ ಹೋಗ್ತಾರೆ. ಹೋಲಿಕೆಗೆ 2023ರ ಡ್ರೆಜ್ ಮತ್ತು 2024ರ ವೆಬ್‌ಫಿಶಿಂಗ್ ಎಂಬ ಗೇಮುಗಳನ್ನೂ ನೋಡುತ್ತೇನೆ.

ನನ್ನ ಮಾತು ಇಷ್ಟು: ಸ್ಟಾರ್‌ಡ್ಯೂ ಆಟ ಕೊಡುವ ನೆಮ್ಮದಿ ಬರೀ ನೀರಿನ ಸಪ್ಪಳ, ಚೆಂದದ ಬಣ್ಣಗಳಿಂದ ಬಂದದ್ದಲ್ಲ. ನದಿಯ ದಂಡೆಯಲ್ಲಿ ಕೂತವನನ್ನು ಕಾಡುವ ಕೆಲವು ಪ್ರಶ್ನೆಗಳಿಗೆ ಅಲ್ಲಿ ಮೊದಲೇ ‘ಇಲ್ಲ’ ಎಂದು ಉತ್ತರ ಬರೆದಿಟ್ಟಾಗಿದೆ. ಆ ‘ಇಲ್ಲ’ಗಳ ಮೇಲೆ ನೆಮ್ಮದಿ ನಿಂತಿದೆ.

ಮೊದಲನೆಯ ಪ್ರಶ್ನೆ, ಎಲ್ಲರೂ ಕೇಳುವಂಥದ್ದು: ಯಾವ ಮೀನು ಎಲ್ಲಿ, ಯಾವಾಗ? ಉತ್ತರ ಖಚಿತವಾಗಿದೆ. ಕ್ಯಾಟ್‌ಫಿಶ್ ಬೇಕಂದ್ರ ವಸಂತದಲ್ಲೋ ಶರತ್ತಿನಲ್ಲೋ ಮಳೆ ಸುರಿಯುವ ದಿನ ಹೊಳೆಗೆ ಹೋಗಬೇಕು. ಸ್ಟರ್ಜನ್ ಬೇಕಂದ್ರ ಬೇಸಿಗೆ ಅಥವಾ ಚಳಿಗಾಲ, ಬೆಟ್ಟದ ಕೆರೆ, ಬೆಳಗಿನ 6ರಿಂದ ಸಂಜೆ 7. ಋತು, ಜಾಗ, ಹವೆ, ಹೊತ್ತು, ಈ ನಾಲ್ಕು ಕೂಡಿದರೆ ಮೀನು ಬಂದೇ ಬರುತ್ತದೆ, ಇವತ್ತಲ್ಲದಿದ್ದರೆ ನಾಳೆ.

ಇಂಥ ಪಟ್ಟಿಯನ್ನು ನಮ್ಮ ಕಡೆ ಮೊದಲೇ ಒಬ್ಬ ಅರಸ ಬರೆಸಿದ್ದಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸ. ಅದರ ಐದು ವಿಂಶತಿಗಳಲ್ಲಿ ಒಟ್ಟು 100 ಅಧ್ಯಾಯಗಳಿವೆ. ವಿನೋದಗಳ ಭಾಗದಲ್ಲಿ ಮತ್ಸ್ಯವಿನೋದವೂ ಒಂದು. ಯಾವ ಮೀನು ಕಡಲಿನದು, ಯಾವುದು ಹೊಳೆಯದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕಿಲ್ಲ, ಯಾವುದಕ್ಕೆ ಎಂಥ ತಿನಿಸು, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂದೆಲ್ಲ ಅಲ್ಲಿ ವಿಂಗಡಿಸಿದೆ. ಹಸಿವಿಗಾಗಿ ಮೀನು ಹಿಡಿಯುವವನಿಗೆ ಬರೆದದ್ದಲ್ಲ ಅದು, ಹೊತ್ತು ಕಳೆಯುವ ಅರಸನಿಗೆ ಬರೆದದ್ದು. ಈ ಗೇಮಿನ ಆಟಗಾರ ಕುಲದಲ್ಲಿ ಮೀನುಗಾರನಿಗಿಂತ ಸೋಮೇಶ್ವರನಿಗೆ ಹತ್ತಿರ. ಒಂದು ವ್ಯತ್ಯಾಸ ಮಾತ್ರ ಇದೆ. ಅರಸನ ವಿನೋದದ ಹಿಂದೆ ತಿನಿಸು ಕಲಸುವ ಕೈ, ದಾರ ಹೊಸೆಯುವ ಕೈ ಇದ್ದವೆಂದು ಆ ವಿವರಗಳಿಂದಲೇ ತಿಳಿಯುತ್ತದೆ. ಗೇಮಿನಲ್ಲಿ ಎರೆ ಅಂಗಡಿಯಲ್ಲಿ ಸಿಗುತ್ತದೆ. ಅದನ್ನು ಯಾರು ಅಗೆದು ತಂದರು ಎಂಬ ಪ್ರಶ್ನೆ ಏಳುವುದಿಲ್ಲ.

ಇದರ ಜೊತೆಗೇ ಬರುವ ಉಪಪ್ರಶ್ನೆ: ಮಳೆ ಯಾವಾಗ ಬರ್ತದ? ಸ್ಟಾರ್‌ಡ್ಯೂನಲ್ಲಿ ಮಳೆ ಅಂದ್ರ ರಜೆ. ಹೊಲಕ್ಕೆ ನೀರು ಹಾಕುವ ಕೆಲಸ ಮಳೆಯೇ ಮಾಡಿಬಿಡುತ್ತದೆ, ಆ ದಿನ ಗಾಳ ತಗೊಂಡು ಹೊಳೆಗೆ ಹೋಗಬಹುದು. ಎಷ್ಟೇ ಸುರಿದರೂ ಹೊಳೆ ದಂಡೆ ಮೀರುವುದಿಲ್ಲ. ನಾನು ಕೂತಿರುವ ಈ ಊರು ಘಟಪ್ರಭೆಯ ಉಪನದಿ ತಾಮ್ರಪರ್ಣಿಯ ದಂಡೆಯ ಮೇಲಿದೆ. 2019ರ ಆಗಸ್ಟಿನಲ್ಲಿ ಅದರ ನೀರು ಕೋವಾಡದ ಪೇಟೆಯೊಳಗೆ ಬಂತು. ಆಮೇಲೆ ಇಲ್ಲಿಯವರು ಮಳೆ ಯಾವಾಗ ಬರ್ತದ ಅಂತ ಕೇಳುವ ದನಿಯೇ ಬೇರೆ. ಶಬ್ದ ಒಂದೇ, ಪ್ರಶ್ನೆ ಎರಡು.

ಎರಡನೆಯ ಪ್ರಶ್ನೆ, ಹೊಸಬರ ಅಳಲು: ಮೀನು ಯಾಕೆ ತಪ್ಪಿಸಿಕೊಳ್ತದ? ಪರದೆಯ ಮೇಲೆ ಒಂದು ಹಸಿರು ಪಟ್ಟಿ, ಅದರ ಬದಿಗೆ ಮೇಲೆ ಕೆಳಗೆ ಜಿಗಿಯುವ ಮೀನಿನ ಗುರುತು. ಬಟನ್ ಒತ್ತಿ, ಬಿಟ್ಟು, ಮೀನನ್ನು ಪಟ್ಟಿಯೊಳಗೇ ಇಟ್ಟುಕೊಳ್ಳಬೇಕು. ಬೆರಳು ಪಳಗುವ ತನಕ ಇದು ತ್ರಾಸು. ಅದಕ್ಕೆ ಕಲಿಯುವವರ ಗಾಳವೊಂದಿದೆ, ಪಟ್ಟಿ ದೊಡ್ಡದಾಗುತ್ತದೆ, ಆದರೆ ಸಾಧಾರಣ ಮೀನು ಮಾತ್ರ ಬೀಳುತ್ತವೆ. ಈ ಪ್ರಶ್ನೆ ನನಗೆ ಇಷ್ಟ. ಆಟಗಾರ ಇಲ್ಲಿ ಮೊದಲ ಸಲ ಮೀನಿಗೆ ಒಂದು ಇಚ್ಛೆ ಇದೆ ಎಂದು ಒಪ್ಪುತ್ತಾನೆ.

ಕನ್ನಡ ಇದನ್ನು ವ್ಯಾಕರಣದಲ್ಲೇ ಒಪ್ಪಿಕೊಂಡಿದೆ. ‘ಮೀನು ಹಿಡಿದೆ’ ಅಂತ ಅಂತೀವಿ, ಖರೆ. ಆದರೆ ದಂಡೆಯ ಮೇಲೆ ಹೆಚ್ಚು ಕೇಳುವುದು ‘ಮೀನು ಬಿತ್ತು’, ‘ಮೀನು ಕಚ್ಚಿತು’, ‘ನನಗ ಮೀನು ಸಿಕ್ಕಿತು’. ಮೂರರಲ್ಲೂ ಕರ್ತೃ ಮೀನು. ಹಿಡಿದವನು ಚತುರ್ಥಿಯಲ್ಲಿ ಬದಿಗೆ ನಿಂತಿದ್ದಾನೆ, ಇಲ್ಲವೇ ವಾಕ್ಯದಲ್ಲೇ ಇಲ್ಲ. ಸ್ಟಾರ್‌ಡ್ಯೂ ದೊರೆಯುವ ಅಧಿಕೃತ ಭಾಷೆಗಳಲ್ಲಿ ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ನಮ್ಮ ಹುಡುಗರು ಇಂಗ್ಲಿಷಿನಲ್ಲಿ ಆಡಿ ಇಂಗ್ಲಿಷಿನಲ್ಲೇ ಕೇಳುತ್ತಾರೆ. ಅದೇ ಪ್ರಶ್ನೆಯನ್ನು ಕನ್ನಡಕ್ಕೆ ತಂದ ಕೂಡಲೇ ‘ನಾನು ಹೇಗೆ ಹಿಡಿಯಲಿ’ ಎಂಬುದು ‘ಅದು ಯಾವಾಗ ಬೀಳ್ತದ’ ಎಂದಾಗುತ್ತದೆ. ಆಟಗಾರನ ಕೌಶಲದ ಮಾತು ಮೀನಿನ ಮರ್ಜಿಯ ಮಾತಾಗುತ್ತದೆ.

ಪೂರ್ಣಚಂದ್ರ ತೇಜಸ್ವಿಯವರನ್ನು ಇಲ್ಲಿ ನೆನೆಯಬೇಕು. ಗಾಳ ಅವರಿಗೆ ದೊಡ್ಡ ಹುಚ್ಚಾಗಿತ್ತು. ‘ಪರಿಸರದ ಕಥೆ’ ಓದಿದವರಿಗೆ ಅದು ಗೊತ್ತು. ಅವರಲ್ಲಿ ಗಾಳ ಹಾಕಿ ಕೂಡುವುದು ನೋಡುವುದಕ್ಕೆ ಒಂದು ನೆಪ. ಕಾಯುತ್ತ ಕೂತವನ ಕಣ್ಣಿಗೆ ಹಕ್ಕಿ ಬೀಳುತ್ತದೆ, ಹುಳ ಬೀಳುತ್ತದೆ, ದಂಡೆಯ ಮನುಷ್ಯರು ಬೀಳುತ್ತಾರೆ. ಗೇಮಿನಲ್ಲಿ ಕಾಯುವಿಕೆ ಕೆಲವು ಸೆಕೆಂಡುಗಳದು, ಆಮೇಲೆ ಕಣ್ಣು ಪೂರಾ ಪಟ್ಟಿಯ ಮೇಲೆ. ಹೊಳೆಯ ಚಿತ್ರ ಎಷ್ಟೇ ಚೆಂದಿದ್ದರೂ ಅದನ್ನು ನೋಡಲು ಪುರಸೊತ್ತಿಲ್ಲ.

ಮೂರನೆಯ ಪ್ರಶ್ನೆ: ಮೀನು ಮುಗಿದು ಹೋಗ್ತಾವಾ? ಸ್ಟಾರ್‌ಡ್ಯೂ ಹೇಳುವುದು, ಇಲ್ಲ. ಎಷ್ಟು ಹಿಡಿದರೂ ಅಷ್ಟೇ ಇರುತ್ತವೆ. ದಿನಾ ನೂರು ತಂದು ಮಾರಿದರೂ ಬೆಲೆ ಇಳಿಯುವುದಿಲ್ಲ. ಡ್ರೆಜ್ ಬೇರೆ ಉತ್ತರ ಕೊಡುತ್ತದೆ. ಅಲ್ಲಿ ಒಂದು ಜಾಗದ ಮೀನು ಹಿಡಿದಷ್ಟೂ ಕಡಿಮೆಯಾಗುತ್ತದೆ, ಮತ್ತೆ ತುಂಬಲು ದಿನ ಹಿಡಿಯುತ್ತದೆ. ಅದು ಹೆದರಿಸುವ ಗೇಮು, ವಿರಾಮದ್ದಲ್ಲ. ಗಮನಿಸಬೇಕಾದ್ದು ಇದೇ. ಮೀನು ಮುಗಿಯಬಹುದು ಎಂಬ ಸಂಗತಿಯನ್ನು ಈ ಎರಡರಲ್ಲಿ ಒಳಗೆ ಬಿಟ್ಟುಕೊಂಡದ್ದು ಭಯದ ಗೇಮು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಕಡಲಿಗಿಳಿಯಲು ನಿಷೇಧ ಹಾಕುವುದು ಮೀನು ಮರಿ ಹಾಕುವ ಕಾಲವೆಂದು. ಆ 61 ದಿನ ದುಡಿಮೆ ನಿಂತವರಿಗೆ ವಿರಾಮ ಸಿಗುತ್ತದೆ, ನೆಮ್ಮದಿ ಸಿಗುತ್ತದೆ ಅನ್ನುವಂತಿಲ್ಲ. ಗೇಮಿನ ವಿರಾಮ ಇದರ ತಿರುವುಮುರುವು: ಮೀನಿಗೆ ಒಂದು ದಿನವೂ ಬಿಡುವಿಲ್ಲ, ಹಿಡಿಯುವವನಿಗೆ ಎಲ್ಲ ದಿನವೂ ಬಿಡುವು.

ನಾಲ್ಕನೆಯ ಪ್ರಶ್ನೆಯಲ್ಲಿ ಮಾತ್ರ ದನಿ ಬದಲಾಗುತ್ತದೆ. ಸ್ಟಾರ್‌ಡ್ಯೂನಲ್ಲಿ ಲೆಜೆಂಡ್ ಎಂಬ ಮೀನಿದೆ. ವಸಂತದ ಮಳೆಯ ದಿನ, ಬೆಟ್ಟದ ಕೆರೆಯಲ್ಲಿ, ಮೀನುಗಾರಿಕೆಯ 10ನೇ ಹಂತ ಮುಟ್ಟಿದವರಿಗೆ ಸಿಗುವಂಥದ್ದು. ಇಂಥ ದಂತಕತೆಯ ಮೀನು ಒಬ್ಬ ಆಟಗಾರನಿಗೆ ಒಮ್ಮೆ ಮಾತ್ರ. ತಪ್ಪಿಸಿಕೊಂಡರೆ ಅಡ್ಡಿಯಿಲ್ಲ, ಮತ್ತೆ ಯತ್ನಿಸಬಹುದು. ಹಿಡಿದ ಮೇಲೆ ಮಾರಿಬಿಟ್ಟರೆ ಮುಗಿಯಿತು. ಆಟಗಾರರು ಕೇಳುತ್ತಾರೆ: ಮಾರಿಬಿಟ್ಟೆ, ಮತ್ತೆ ಸಿಗ್ತದಾ? ಉಳಿದ ಪ್ರಶ್ನೆಗಳಲ್ಲಿ ಕುತೂಹಲವಿದೆ, ಕಿರಿಕಿರಿಯಿದೆ. ಇದರಲ್ಲಿ ಹಳಹಳಿ ಇದೆ. ನೀರಿನಲ್ಲಿರುವ ತನಕ ಅದು ಇದ್ದೇ ಇತ್ತು, ಕೈಗೆ ಬಂದಾಗ ಇಲ್ಲವಾಯಿತು.

ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ ನಾರಣಪ್ಪ ಗಣಪತಿ ದೇವಸ್ಥಾನದ ಕೊಳದ ಮೀನು ಹಿಡಿಯುತ್ತಾನೆ. ಅಗ್ರಹಾರ ತಲ್ಲಣಿಸುತ್ತದೆ. ಆ ಮೀನಿಗೆ ಬೆಲೆ ಬಂದದ್ದು ಅದನ್ನು ಮುಟ್ಟಬಾರದು ಎಂಬ ಗೆರೆ ಇದ್ದದ್ದರಿಂದ. ಗೆರೆ ಸರಿಯೋ ತಪ್ಪೋ ಕಾದಂಬರಿ ಬೇರೆ ಕೇಳುತ್ತದೆ, ಆದರೆ ಹಿಡಿದದ್ದಕ್ಕೆ ಪರಿಣಾಮವಿದೆ. ಸ್ಟಾರ್‌ಡ್ಯೂನ ಸಾವಿರ ಮೀನುಗಳಿಗೆ ಪರಿಣಾಮವಿಲ್ಲ, ಈ ಒಂದಕ್ಕಿದೆ. ಆಟಗಾರರು ನೆನಪಿಡುವುದು ಈ ಒಂದನ್ನೇ. ‘ಇಲ್ಲ’ಗಳ ಮೇಲೆ ಕಟ್ಟಿದ ನೆಮ್ಮದಿಯೊಳಗೆ ಒಂದು ಕಡೆ ‘ಹೌದು, ಹೋಯಿತು’ ಎಂದಾಗ ಆಟ ಮನಸ್ಸಿನಲ್ಲಿ ಉಳಿಯಿತು.

ಕೊನೆಯದು ಲೆಕ್ಕದ ಪ್ರಶ್ನೆ: ಯಾವ ಕಸುಬು ಆರಿಸಲಿ? ಗೇಮು 5ನೇ ಹಂತದಲ್ಲಿ ಒಂದು, 10ನೇ ಹಂತದಲ್ಲಿ ಒಂದು ಕಸುಬು ಆರಿಸಲು ಹೇಳುತ್ತದೆ. ಮೊದಲು ಮೀನುಗಾರನಾದರೆ ಮೀನಿಗೆ ಶೇ 25 ಹೆಚ್ಚು ಬೆಲೆ, ಮುಂದೆ ಗಾಳದವನಾದರೆ ಶೇ 50. ಕಸುಬು ಅಂದ್ರ ಇಲ್ಲಿ ಬೆಲೆಗೆ ಹತ್ತುವ ಶೇಕಡಾ ಅಷ್ಟೇ. ಸೋಮೇಶ್ವರನ ನಂತರ ಕೆಲವೇ ದಶಕಗಳಲ್ಲಿ, ಅದೇ ಕಲ್ಯಾಣದ ಶರಣರ ನಡುವೆ ದೋಣಿ ನಡೆಸುವ ಚೌಡಯ್ಯ ವಚನ ಬರೆದ. ಅವನ ಅಂಕಿತ ಯಾವ ದೇವರ ಹೆಸರೂ ಅಲ್ಲ. ಅಂಬಿಗ ಎಂಬ ಕಾಯಕ ಸೇರಿದ ತನ್ನದೇ ಹೆಸರು. ಒಂದೇ ಶತಮಾನ ನೀರನ್ನು ಎರಡು ರೀತಿ ಬರೆಯಿತು, ಒಂದರಲ್ಲಿ ವಿನೋದ, ಇನ್ನೊಂದರಲ್ಲಿ ಕಾಯಕ. ಗೇಮು ಕಾಯಕದ ಹೆಸರಿಟ್ಟುಕೊಂಡು ವಿನೋದವನ್ನು ಕೊಡುತ್ತದೆ. ಅದು ತಪ್ಪೆಂದು ನಾನು ಹೇಳುವುದಿಲ್ಲ. ಆ ಎರಡರ ನಡುವಿನ ಗೆರೆ ಅಳಿಸಿಹೋಗಿರುವುದನ್ನು ಓದುವವರು ಗುರುತಿಸಬೇಕು ಅಂತೀನಿ.

ಇಷ್ಟು ನನ್ನ ಮಂಡನೆ. ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ, ಓದ್ತೀನಿ: “ದಣಿದು ಬಂದವರು ಆಡುವ ಆಟ ಇದು. ನದಿಯ ಸಂಕಟವನ್ನು ಅದರ ಮೇಲೆ ಯಾಕೆ ಹೇರಬೇಕು?”

ಒಳ್ಳೆ ಪ್ರಶ್ನೆ ಸರ್. ಇಚಲಕರಂಜಿಯ ಪವರ್‌ಲೂಮಿನಲ್ಲಿ ಪಾಳಿ ಮುಗಿಸಿ ಬಂದ ಹುಡುಗ ಮೊಬೈಲಿನಲ್ಲಿ ಅರ್ಧ ತಾಸು ಗಾಳ ಹಾಕಿ ಕೂತರೆ ಅವನಿಗೆ ಪ್ರವಾಹ, ನಿಷೇಧ ನೆನಪಿಸಬೇಕು ಅಂತ ನನ್ನ ವಾದವಲ್ಲ. ಅವನ ದಣಿವು ಖರೆ, ಅವನಿಗೆ ಸಿಗುವ ನೆಮ್ಮದಿಯೂ ಖರೆ. ಆದರೆ ವಿಶ್ರಾಂತಿಗೆ ಬೇರೆ ದಾರಿಯೂ ಇದೆ. ವೆಬ್‌ಫಿಶಿಂಗ್ ನೋಡ್ರಿ. ಅಲ್ಲಿ ಬೆಕ್ಕು ನಾಯಿಗಳ ವೇಷದಲ್ಲಿ ಹಲವರು ಒಂದೇ ದಂಡೆಗೆ ಬರ್ತಾರೆ. ಎರೆ ಖರ್ಚಾಗುತ್ತದೆ, ಮತ್ತೆ ತರಬೇಕು. ಮೀನು ನೆಪ, ಜನ ಕೂಡಿ ಹರಟೆ ಹೊಡೀತಾರೆ. ನೆಮ್ಮದಿ ಅಲ್ಲಿ ಹೆಚ್ಚಾಗಿ ಜೊತೆಯಿಂದ ಬರುತ್ತದೆ. ನಮ್ಮೂರ ಕಟ್ಟೆಗೆ ಅದು ಹತ್ತಿರ.

ಇನ್ನೊಂದು ಮಾತು. ‘ಗಾಳ ಹಾಕೋದು’ ಅಂದ್ರ ನಮ್ಮಲ್ಲಿ ಯಾರನ್ನೋ ಬಲೆಗೆ ಕೆಡವೋದು ಅಂತಲೂ ಅರ್ಥ. ಸ್ಟಾರ್‌ಡ್ಯೂ, ವೆಬ್‌ಫಿಶಿಂಗ್ ಎರಡೂ ಒಮ್ಮೆ ಕೊಂಡರೆ ಒಳಗೆ ಮತ್ತೆ ದುಡ್ಡು ಕೇಳುವುದಿಲ್ಲ, ಆ ಪ್ರಾಮಾಣಿಕತೆ ಅವಕ್ಕಿದೆ. ಅವು ತಗೊಳ್ಳೋದು ಹೊತ್ತು. ಹೊತ್ತು ಕೊಟ್ಟವರು ತಿರುಗಿ ಏನು ಕೇಳ್ತಾರೆ ಅನ್ನೋದನ್ನ ನಾನು ಓದಿದೆ.

ತಾಮ್ರಪರ್ಣಿಯ ಮೇಲೆ ಯಾರಾದರೂ ಇಂಥ ಗೇಮು ಮಾಡಿದರೆ ಅದಕ್ಕೆ ಮೊದಲು ಹೆಸರುಗಳು ಬೇಕಾಗುತ್ತವೆ. ಕನ್ನಡದ ಹಾವುಮೀನು ಮರಾಠಿಯಲ್ಲಿ ವಾಮ, ಕನ್ನಡದ ಗಾಳ ಮರಾಠಿಯಲ್ಲಿ ಗಳ. ಇಲ್ಲಿಯ ಆಟಗಾರ ಎರಡರಲ್ಲೂ ಕೇಳುತ್ತಾನೆ. ಎಲ್ಲಿ, ಯಾವಾಗ ಅಂತ ಅವನೂ ಕೇಳಲಿ. ಅದರ ಜೊತೆಗೆ ‘ಈಗ ಹಿಡೀಬಹುದಾ?’ ಅಂತಲೂ ಕೇಳಬೇಕಾಗಿ ಬಂದರೆ, ಆ ಗೇಮಿಗೆ ವಿಮರ್ಶೆ ಬರೆಯಲು ನಾನು ತಯಾರಿದೀನಿ. ಮುಂದಿನ ಪ್ರಶ್ನೆ ಇದ್ರ ಕೇಳ್ರಿ.