‘ದಾಸೋಹ’ ಶಬ್ದದ ಅರ್ಥಪರಿಣಾಮ

ಆಳಂದ, ಅಫಜಲಪುರ, ಜೇವರ್ಗಿ ಸೀಮೆಗಳ ಜಾತ್ರೆಗಳಲ್ಲಿ ‘ದಾಸೋಹ’ವೆಂದರೆ ಬಂದವರೆಲ್ಲರಿಗೂ ಬಡಿಸುವ ಊಟ. ವಚನಗಳಲ್ಲಿ ಈ ಶಬ್ದವು ಬಂದಾಗಲೂ ‘ಅನ್ನದಾನ’ವೆಂದು ಅರ್ಥ ಹೇಳಿ ಮುಂದೆ ಸಾಗುವುದುಂಟು. ಆದರೆ ಇದು ಶಬ್ದವು ಕಾಲಕ್ರಮದಲ್ಲಿ ಪಡೆದ ಅರ್ಥವೇ ಹೊರತು ಮೂಲಾರ್ಥವಲ್ಲ.

ಹುಟ್ಟಿನಲ್ಲಿ ದಾಸೋಹವು ನಾಮಪದವೇ ಅಲ್ಲ, ಅದೊಂದು ವಾಕ್ಯ. ‘ದಾಸಃ’, ‘ಅಹಂ’ ಎಂಬ ಸಂಸ್ಕೃತ ಪದಗಳು ಸಂಧಿಯಿಂದ ‘ದಾಸೋಽಹಂ’ ಎಂದಾಗುವುವು. ‘ನಾನು ದಾಸನು’ ಎಂದು ತಾತ್ಪರ್ಯ. ಕೊನೆಯ ಬಿಂದುವು ಹಳಗನ್ನಡದ ‘ಮರಂ’ ಮೊದಲಾದ ಪದಗಳ ಪ್ರಥಮಾ ವಿಭಕ್ತಿಯಂತೆ ತೋರಿದುದರಿಂದ, ‘ಮರ’ದ ಹಾಗೆ ‘ದಾಸೋಹ’ವೂ ಪ್ರಕೃತಿಯಾಗಿ ನಿಂತಿತೆಂದು ಭಾವಿಸಬಹುದು. ‘ದಾಸೋಹಿ’ ಎಂಬ ಸಾಧಿತರೂಪವೂ ಬಳಕೆಗೆ ಬಂದಿತು.

12ನೆಯ ಶತಮಾನದ ಶರಣರಲ್ಲಿ ಈ ಪದವು ‘ಅವನೇ ನಾನು’ ಎಂಬ ಅರ್ಥದ ‘ಸೋಹಂ’ಗೆ ಇದಿರಾಗಿ ನಿಂತಿದೆ; ಬಸವಣ್ಣನವರು ಬೇಡಿದುದು ದಾಸೋಹವನ್ನೇ. ತನು, ಮನ, ಧನಗಳನ್ನು ಗುರು ಲಿಂಗ ಜಂಗಮಕ್ಕೆ ಸಲ್ಲಿಸುವುದು ಆ ಭಾವದ ಆಚರಣೆ. ಅನ್ನವು ಅದರೊಂದು ಅಂಶ ಮಾತ್ರ. ಆಳಂದದ ಈಶಾನ್ಯಕ್ಕಿರುವ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಪತ್ನಿ ಲಕ್ಕಮ್ಮನು ಅದನ್ನು ಆಕ್ಷೇಪಿಸಿ ಹಿಂದಿರುಗಿಸಲು ಹೇಳಿದಳೆಂಬುದು ಪ್ರಸಿದ್ಧ. ದಾಸೋಹವು ಅನ್ನದಾನವೇ ಆಗಿದ್ದರೆ, ಅಕ್ಕಿ ಹೆಚ್ಚಿದಷ್ಟೂ ಪುಣ್ಯ ಹೆಚ್ಚಬೇಕು. ಆಕೆಯ ಮಾತು ಅಸಂಗತವಾಗುವುದು. ‘ನಾನು ದಾಸನು’ ಎಂಬ ಅರ್ಥದಲ್ಲಿಯಾದರೋ ಬೇಕಾದುದಕ್ಕಿಂತ ಮೀರಿ ತಂದುದು ಆಸೆಯ ಗುರುತು, ಆಕ್ಷೇಪವು ಸಮಂಜಸವಾಗಿದೆ.

ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದಲ್ಲಿ ರೂಢಿಯಲ್ಲಿರುವ ‘ಮಧುಕರಿ’ ಎಂಬ ಪದವನ್ನು ಇದರೊಡನೆ ಹೋಲಿಸಬಹುದು. ಹೂವಿನಿಂದ ಹೂವಿಗೆ ಹೋಗುವ ದುಂಬಿಯಂತೆ ಮನೆಮನೆಯಲ್ಲಿ ತುಸುತುಸುವೇ ಭಿಕ್ಷೆಯನ್ನೆತ್ತುವುದು ಅದರ ಭಾವ. ಎರಡರಲ್ಲಿಯೂ ಅನ್ನವುಂಟು, ಆದರೆ ಮಧುಕರಿಯು ಪಡೆಯುವವನ ನಡತೆಯನ್ನೂ ದಾಸೋಹವು ಕೊಡುವವನ ನಿಲುವನ್ನೂ ಹೇಳುತ್ತವೆ.

ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಜನಿಸಿ 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರಿಗೆ ‘ಮಹಾದಾಸೋಹಿ’ ಎಂಬ ಬಿರುದು ಸಂದಿದೆ. ಒಕ್ಕಲುತನದ ದಿನಗಳಲ್ಲಿ ಅವರು ಹೊಲದ ಕಾಳಿಗೆ ಬಂದ ಹಕ್ಕಿಗಳನ್ನು ಓಡಿಸಲಿಲ್ಲವೆಂದು ಐತಿಹ್ಯ. ಇಲ್ಲಿ ಹಳೆಯ ಭಾವವೂ ಹೊಸ ಅರ್ಥವೂ ಒಂದಾಗಿ ಕಾಣುತ್ತವೆ: ಬೆಳೆದವನು ಬೆಳೆಗೆ ಒಡೆಯನಲ್ಲ, ಆದರೂ ಜನದ ನೆನಪಿನಲ್ಲಿ ಮುಂದಾಗಿ ನಿಂತುದು ಅನ್ನವೇ.

2002ರಲ್ಲಿ ಕಲಬುರಗಿಯೂ ಸೇರಿದಂತೆ ಉತ್ತರದ 7 ಜಿಲ್ಲೆಗಳ ಶಾಲೆಗಳಲ್ಲಿ ಮೊದಲಾದ ಮಧ್ಯಾಹ್ನದ ಊಟಕ್ಕೆ ಸರಕಾರವು ‘ಅಕ್ಷರ ದಾಸೋಹ’ವೆಂದು ಹೆಸರಿಟ್ಟಿತು. ಅಲ್ಲಿಗೆ ‘ಅಹಂ’ ಎನ್ನುವ ವಕ್ತೃವೇ ಶಬ್ದದಿಂದ ಮರೆಯಾದನು. ಆದರೆ 2013ರ ಆಹಾರ ಭದ್ರತಾ ಶಾಸನವು ಆ ಊಟವನ್ನು ಮಕ್ಕಳ ಹಕ್ಕಾಗಿ ಮಾಡಿದೆ. ಹಕ್ಕುಳ್ಳವರಿಗೆ ಸಲ್ಲಿಸುವುದು ದಾನವೆನಿಸದು. ಬಡಿಸುವವನು ದಾಸನೆಂಬ ಮೂಲಾರ್ಥವೇ ಅದಕ್ಕೆ ಹೆಚ್ಚು ಸಲ್ಲುವುದು. ಆದುದರಿಂದ ವಚನಪಾಠದಲ್ಲಿ ‘ಅನ್ನದಾನ’ವೆಂಬ ಸುಲಭವಾದ ಟೀಕೆಯನ್ನು ಬಿಟ್ಟು, ಮೊದಲು ವಾಕ್ಯವನ್ನು ಬಿಡಿಸಿ ತೋರಿಸುವುದು ಯುಕ್ತ.