ಆರು ಚುಕ್ಕೆಗಳ ಕನ್ನಡ: ಭಾರತೀ ಬ್ರೈಲ್ ಲಿಪಿಯ ಒಂದು ವಿಮರ್ಶೆ

1

ಕನ್ನಡ ಲಿಪಿಯ ಮಾತು ಬಂದಾಗಲೆಲ್ಲ ನಮ್ಮ ವಿದ್ವಾಂಸರ ದೃಷ್ಟಿ ಹಲ್ಮಿಡಿಯ ಶಾಸನದ ಕಡೆಗೋ, ತಾಳೆಯೋಲೆಗಳ ಕಡೆಗೋ, ಬಾಸೆಲ್ ಮಿಶನ್ನಿನ ಅಚ್ಚುಮೊಳೆಗಳ ಕಡೆಗೋ ಹೊರಳುವುದು ಸಹಜವಾಗಿದೆ. ಇವೆಲ್ಲ ಕಣ್ಣಿಗೆ ಕಾಣುವ ಕನ್ನಡದ ಚರಿತ್ರೆಗೆ ಸೇರಿದವು. ಆದರೆ ಕನ್ನಡಕ್ಕೆ ಇನ್ನೊಂದು ಲಿಪಿಯೂ ಉಂಟು. ಅದು ಬೆರಳ ತುದಿಗೆ ಮಾತ್ರ ಗೋಚರವಾಗತಕ್ಕದ್ದು. ಆ ಲಿಪಿಯ ಈಗಿನ ರೂಪ ಸಿದ್ಧವಾದದ್ದು ಕರ್ಣಾಟಕದ ಒಳಗಲ್ಲ. ಅದರ ಮೂಲತತ್ತ್ವಗಳು ನಿಶ್ಚಿತವಾದದ್ದು 1950 ಮತ್ತು 1951ರಲ್ಲಿ, ಪ್ಯಾರಿಸ್ ಮತ್ತು ಬೈರೂತ್ ನಗರಗಳಲ್ಲಿ ನಡೆದ ಅಂತರರಾಷ್ಟ್ರೀಯ ಸಭೆಗಳಲ್ಲಿ. ಪರಸ್ಥಳದಲ್ಲಿ ನಿಂತು ಕನ್ನಡದ ಹಿತವನ್ನು ಚಿಂತಿಸುವ ನಮ್ಮಂಥವರಿಗೆ ಈ ಸಂಗತಿ ಕುತೂಹಲವನ್ನಷ್ಟೇ ಅಲ್ಲ, ಆತ್ಮಪರೀಕ್ಷೆಯನ್ನೂ ಉಂಟುಮಾಡಬೇಕು.

ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣಕ್ಕಾಗಿ ರಾಷ್ಟ್ರ ರಾಷ್ಟ್ರಗಳು ಕೂಡಿ ಮಾಡಿದ ಕಾರ್ಯಗಳು ಹಲವಿವೆ. ಅವುಗಳಲ್ಲಿ ಕೆಲವು ಘೋಷಣೆಗಳಾಗಿ ಉಳಿದಿವೆ, ಕೆಲವು ಉಪಕರಣಗಳಾಗಿ ಕೈಗೆ ದೊರೆತಿವೆ. ಎರಡನೆಯ ಬಗೆಯದಾದ ಭಾರತೀ ಬ್ರೈಲ್ ಲಿಪಿಯನ್ನು ಕನ್ನಡದ ದೃಷ್ಟಿಯಿಂದ ಪರೀಕ್ಷಿಸಿ, ಆಮೇಲೆ ಬಂದ ಘೋಷಣೆ ಒಪ್ಪಂದಗಳನ್ನು ಅದರ ಪಕ್ಕದಲ್ಲಿಟ್ಟು ತೂಗಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

2

ಫ್ರಾನ್ಸಿನ ಕೂಪ್ವ್ರೇ ಎಂಬ ಹಳ್ಳಿಯಲ್ಲಿ 1809ರಲ್ಲಿ ಹುಟ್ಟಿದ ಲೂಯಿ ಬ್ರೈಲ್ ಬಾಲ್ಯದಲ್ಲಿಯೇ ತಂದೆಯ ಕಾರ್ಯಾಗಾರದಲ್ಲಿ ನಡೆದ ಅಪಘಾತದಿಂದ ದೃಷ್ಟಿಯನ್ನು ಕಳೆದುಕೊಂಡವನು. ಅವನು 1829ರಲ್ಲಿ ಪ್ರಕಟಿಸಿದ ಪದ್ಧತಿಯಲ್ಲಿ ಒಂದೊಂದು ಅಕ್ಷರಕ್ಕೂ ಆರು ಚುಕ್ಕೆಗಳ ಒಂದು ಮನೆ. ಎಡಸಾಲಿನಲ್ಲಿ ಮೇಲಿನಿಂದ ಕೆಳಕ್ಕೆ 1, 2, 3. ಬಲಸಾಲಿನಲ್ಲಿ 4, 5, 6. ಈ ಆರರಲ್ಲಿ ಯಾವು ಉಬ್ಬಿವೆ ಎಂಬುದರ ಮೇಲೆ ಅಕ್ಷರ ನಿರ್ಣಯವಾಗುತ್ತದೆ. ಒಟ್ಟು 63 ಸಂಕೇತಗಳು ಮಾತ್ರ ಇದರಿಂದ ಸಾಧ್ಯ. ಜಗತ್ತಿನ ಭಾಷೆಗಳೆಲ್ಲ ಈ 63ರ ಮಿತಿಯೊಳಗೇ ತಮ್ಮ ಸಂಸಾರವನ್ನು ಹೂಡಬೇಕಾಗಿತ್ತು.

ಭಾರತದಲ್ಲಿ ಅಂಧರ ಶಾಲೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಆರಂಭವಾದುವು. ಅಮೃತಸರದಲ್ಲಿ 1887ರಲ್ಲಿ ಒಂದು, ಮುಂಬಯಿಯ ದಾದರಿನಲ್ಲಿ 1900ರಲ್ಲಿ ಮತ್ತೊಂದು, ಮೈಸೂರಿನಲ್ಲಿ 1901ರಲ್ಲಿ ಇನ್ನೊಂದು ತೆರೆದುವು. ಪಾಠ ಹೇಳುವವರು ತಮ್ಮ ತಮ್ಮ ಪ್ರಾಂತಭಾಷೆಗೆ ತಾವೇ ಚುಕ್ಕೆಗಳನ್ನು ಹೊಂದಿಸಿಕೊಂಡರು. ಕಲಕತ್ತೆಯಲ್ಲಿ ಲಾಲಬಿಹಾರಿ ಶಾಹ, ಗುಜರಾತಿನಲ್ಲಿ ನೀಲಕಂಠರಾಯರು, ಮೈಸೂರಿನಲ್ಲಿ ಎಂ. ಶ್ರೀನಿವಾಸರಾಯರು ಹೀಗೆ ಪದ್ಧತಿಗಳನ್ನು ಕಟ್ಟಿದರು. ಶ್ರೀನಿವಾಸರಾಯರ ಮೈಸೂರು-ಕನ್ನಡ ಬ್ರೈಲ್ ನಮ್ಮ ಭಾಷೆಗೆ ದೊರೆತ ಮೊದಲ ಸ್ಪರ್ಶಲಿಪಿಗಳಲ್ಲಿ ಒಂದೆಂದು ಗೌರವದಿಂದ ನೆನೆಯತಕ್ಕದ್ದು. ಆದರೆ ಒಟ್ಟು ಪರಿಣಾಮವೇನಾಯಿತು? ಒಂದು ಊರಿನಲ್ಲಿ ಕಲಿತವನು ಇನ್ನೊಂದು ಊರಿನ ಪುಸ್ತಕವನ್ನು ಮುಟ್ಟಿದರೆ ಅದು ಅವನಿಗೆ ಬರಿಯ ಒರಟು ಕಾಗದವಾಗಿ ತೋರಿತು. ಒಂದೊಂದು ಸಂಕೇತಕ್ಕೂ ಬೇರೆ ಬೇರೆ ಅಚ್ಚು ಬೇಕಾದುದರಿಂದ ಪುಸ್ತಕೋದ್ಯಮ ಬೆಳೆಯಲಿಲ್ಲ.

ಈ ತೊಡಕನ್ನು ಬಿಡಿಸಿಕೊಡಬೇಕೆಂದು ಭಾರತ ಸರಕಾರ 1949ರಲ್ಲಿ ಯುನೆಸ್ಕೋ ಸಂಸ್ಥೆಯನ್ನು ಕೇಳಿಕೊಂಡಿತು. ಸ್ವಾತಂತ್ರ್ಯ ಬಂದು ಎರಡೇ ವರ್ಷವಾದ ದೇಶ ತನ್ನ ಅಂಧ ಮಕ್ಕಳ ಅಕ್ಷರಕ್ಕಾಗಿ ಜಗತ್ತಿನ ಸಭೆಯ ಮುಂದೆ ನಿಂತಿತು ಎಂಬುದನ್ನು ಮರೆಯಬಾರದು. ಈ ಕೆಲಸದಲ್ಲಿ ಯುನೆಸ್ಕೋವಿಗೆ ಸಲಹೆಗಾರರಾದವರು ನ್ಯೂಜಿಲೆಂಡಿನ ಸರ್ ಕ್ಲೂಥಾ ಮೆಕೆಂಜಿ. 1915ರ ಗಲಿಪೊಲಿ ಯುದ್ಧದಲ್ಲಿ ಕಣ್ಣು ಕಳೆದುಕೊಂಡ ಇವರು ಭಾರತದಲ್ಲಿಯೂ ಕೆಲಸಮಾಡಿ ಇಲ್ಲಿಯ ಅಂಧರ ಸ್ಥಿತಿಯನ್ನು ಬಲ್ಲವರಾಗಿದ್ದರು. 1950ರ ಮಾರ್ಚಿನಲ್ಲಿ ಪ್ಯಾರಿಸ್ಸಿನ ಸಭೆ, 1951ರ ಫೆಬ್ರುವರಿಯಲ್ಲಿ ಮಧ್ಯಪ್ರಾಚ್ಯ, ಭಾರತ ಮತ್ತು ಆಗ್ನೇಯ ಏಷ್ಯದ ಭಾಷೆಗಳಿಗಾಗಿ ಬೈರೂತಿನ ಸಭೆ ನಡೆದುವು. ಅಲ್ಲಿ ಒಪ್ಪಿತವಾದ ತತ್ತ್ವ ಸರಳವಾದದ್ದು: ಸಮಾನ ಧ್ವನಿಗೆ ಸಮಾನ ಚಿಹ್ನೆ, ಆ ಚಿಹ್ನೆಯಾದರೂ ಸಾಧ್ಯವಾದಷ್ಟು ಮಟ್ಟಿಗೆ ಬ್ರೈಲನ ಮೂಲ ಪದ್ಧತಿಗೆ ಹತ್ತಿರವಾಗಿರಬೇಕು. ಈ ತತ್ತ್ವದಿಂದ ಹುಟ್ಟಿದ್ದು ಭಾರತೀ ಬ್ರೈಲ್.

3

ಈಗ ವಿಮರ್ಶೆಗೆ ಬರೋಣ. ಹೊರಗಿನವರು ಕೂಡಿ ರೂಪಿಸಿದ ಲಿಪಿ ಕನ್ನಡಕ್ಕೆ ನ್ಯಾಯ ಒದಗಿಸಿತೆ? ಇದನ್ನು ಅಳೆಯಲು ನಮ್ಮಲ್ಲಿಯೇ ಒಂದು ಹಳೆಯ ಮಾನದಂಡವಿದೆ. ಹದಿಮೂರನೆಯ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಕನ್ನಡದ ವರ್ಣಗಳನ್ನು ವಿಂಗಡಿಸುವಾಗ ಎ, ಒ, ಱ, ೞ, ಳ ಎಂಬ ಐದನ್ನು ದೇಶೀಯವೆಂದು ಬೇರ್ಪಡಿಸುತ್ತಾನೆ. ಸಂಸ್ಕೃತದ ವರ್ಣಮಾಲೆಯನ್ನು ಹಾಗೆಯೇ ತಂದು ಹೊದಿಸಿದರೆ ಕನ್ನಡದ ಮೈಯಲ್ಲಿ ಎಲ್ಲಿ ಬತ್ತಲೆ ಉಳಿಯುತ್ತದೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವುದು ಕಷ್ಟ. ಱ, ೞ ಗಳು ಬಳಕೆಯಿಂದ ಜಾರಿಹೋದುದರಿಂದ ಅವನ್ನು ಬಿಡೋಣ. ಉಳಿದ ಮೂರು ಹೊಸ ಲಿಪಿಯಲ್ಲಿ ಏನಾದುವು?

ಹಿಂದಿಯ ‘ಏ’ಕಾರಕ್ಕೆ 1-5 ಚುಕ್ಕೆಗಳು, ಅದೇ ಚಿಹ್ನೆ ಕನ್ನಡದಲ್ಲಿ ದೀರ್ಘ ‘ಏ’ಕಾರಕ್ಕೆ ನಿಂತಿತು. ಹ್ರಸ್ವ ‘ಎ’ಕಾರಕ್ಕೆ 2-6 ಎಂಬ ಪ್ರತ್ಯೇಕ ಚಿಹ್ನೆ ದೊರೆಯಿತು. ಹಾಗೆಯೇ ‘ಓ’ಕಾರಕ್ಕೆ 1-3-5, ಹ್ರಸ್ವ ‘ಒ’ಕಾರಕ್ಕೆ 1-3-4-6. ‘ಳ’ಕಾರಕ್ಕೆ 4-5-6. ಈ ಭೇದವನ್ನು ಉಳಿಸದಿದ್ದಲ್ಲಿ ‘ಬೆಳೆ’ಗೂ ‘ಬೇಳೆ’ಗೂ, ‘ಕೊಡು’ವಿಗೂ ‘ಕೋಡು’ವಿಗೂ ಅಂತರವೇ ಇರುತ್ತಿರಲಿಲ್ಲ. ದೊಡ್ಡ ಸಭೆಗಳಲ್ಲಿ ಸಣ್ಣ ಭಾಷೆಗಳ ಸೂಕ್ಷ್ಮಗಳು ಅಳಿಸಿಹೋಗುವುದು ಸಾಮಾನ್ಯ, ಇಲ್ಲಿ ಹಾಗಾಗಲಿಲ್ಲ. ಕೇಶಿರಾಜನ ಪರೀಕ್ಷೆಯಲ್ಲಿ ಭಾರತೀ ಬ್ರೈಲ್ ಉತ್ತೀರ್ಣವಾಗಿದೆ ಎಂದೇ ಹೇಳಬೇಕು.

ಎರಡನೆಯದಾಗಿ, ಈ ಲಿಪಿ ಕನ್ನಡದ ಆಕಾರವನ್ನು ಬಿಟ್ಟು ಉಚ್ಚಾರವನ್ನು ಹಿಡಿಯಿತು. ಅಚ್ಚಿನ ‘ಕೋ’ ಎಂಬಲ್ಲಿ ಸ್ವರದ ಗುರುತು ಅಕ್ಷರದ ನೆತ್ತಿಯ ಮೇಲೂ ಪಕ್ಕದಲ್ಲಿಯೂ ಹರಡಿಕೊಳ್ಳುತ್ತದೆ. ಬ್ರೈಲಿನಲ್ಲಿ ಮೊದಲು ‘ಕ’, ಆಮೇಲೆ ‘ಓ’, ಅಷ್ಟೇ. ಅಚ್ಚಿನ ‘ಅಕ್ಕ’ದಲ್ಲಿ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಬ್ರೈಲಿನಲ್ಲಿ ‘ಅ’, ಸಂಯುಕ್ತವನ್ನು ಸೂಚಿಸುವ 4ನೆಯ ಚುಕ್ಕೆ, ‘ಕ’, ‘ಕ’ ಎಂದು ನಾಲ್ಕು ಮನೆಗಳು ಸಾಲಾಗಿ ಬರುತ್ತವೆ. ದ್ವಿತ್ವ ಹೇರಳವಾದ ಕನ್ನಡದಲ್ಲಿ ಇದರಿಂದ ಗ್ರಂಥದ ಗಾತ್ರ ಬೆಳೆಯುವುದು ನಿಜ. ಇದು ಲಿಪಿಯ ಒಂದು ಕೊರತೆ. ಮೈಸೂರಿನ ಹಳೆಯ ಸಂಕೇತದಲ್ಲಿ ಸಿದ್ಧವಾಗಿದ್ದ ಪುಸ್ತಕಗಳು ಹೊಸದನ್ನು ಕಲಿತ ಮಕ್ಕಳಿಗೆ ಅಪರಿಚಿತವಾದುದು ಇನ್ನೊಂದು ನಷ್ಟ. ಏಕತೆಗೆ ಬೆಲೆ ತೆರಬೇಕಾಗುತ್ತದೆ. ಅದನ್ನು ತೆತ್ತವರ ಹೆಸರುಗಳು ಸಭೆಗಳ ವರದಿಗಳಲ್ಲಿ ಬರುವುದಿಲ್ಲ.

ಆದರೆ ಲಾಭವನ್ನೂ ನೋಡಬೇಕು. ಮುಂಬಯಿಯಲ್ಲಿ ನೆಲಸಿದ ಕನ್ನಡ ಮನೆಯೊಂದರ ಅಂಧ ಬಾಲಕಿಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಅವಳ ಮಾತು ಕನ್ನಡ; ಶಾಲೆಯಲ್ಲಿ ಕಲಿತದ್ದು ಮರಾಠಿಯ ಬ್ರೈಲ್. ಕಣ್ಣುಳ್ಳ ಅವಳ ತಮ್ಮ ಕನ್ನಡವನ್ನು ಓದಬೇಕಾದರೆ ವರ್ಣಮಾಲೆಯನ್ನು ಹೊಸದಾಗಿ ತಿದ್ದಬೇಕು. ಅವಳಿಗೆ ಆ ಕಷ್ಟವಿಲ್ಲ. ‘ಕಮಲ’ ಎಂಬ ಶಬ್ದದ ಮೂರು ಚಿಹ್ನೆಗಳು ಮರಾಠಿಯಲ್ಲಿಯೂ ಕನ್ನಡದಲ್ಲಿಯೂ ಒಂದೇ. ಮರಾಠಿಯಲ್ಲಿ ‘ಳ’ಕಾರ ಇರುವುದರಿಂದ ಅದನ್ನೂ ಅವಳ ಬೆರಳು ಬಲ್ಲದು. ಮುಖ್ಯವಾಗಿ ಹೊಸದಾಗಿ ಕಲಿಯಬೇಕಾದದ್ದು ಹ್ರಸ್ವ ಎಕಾರ, ಹ್ರಸ್ವ ಒಕಾರ, ಎರಡೇ. ಕಣ್ಣುಳ್ಳವರ ಪಾಲಿಗೆ ಗೋಡೆಯಾಗಿರುವ ಲಿಪಿಭೇದ ಈ ಬಾಲಕಿಯ ಪಾಲಿಗೆ ಹೊಸ್ತಿಲಿನಷ್ಟೇ ಎತ್ತರ. ಭಾರತದ ಲಿಪಿಗಳನ್ನು ಒಂದುಗೂಡಿಸಬೇಕೆಂದು ಹಲವರು ಹಲವು ಕಾಲ ವಾದಿಸಿದರು; ಆ ಕಾರ್ಯ ಕೈಗೂಡಿದ್ದು ಅಂಧರ ಜಗತ್ತಿನಲ್ಲಿ ಮಾತ್ರ. ಅದೂ ಯಾವ ಭಾಷೆಯ ಸ್ವತ್ವಕ್ಕೂ ಕುಂದು ತರದೆ.

4

ಹೀಗಿರುವಲ್ಲಿ ಆ ಬಾಲಕಿ ಕನ್ನಡದ ಗ್ರಂಥಗಳನ್ನು ಓದುತ್ತಿರಬೇಕಲ್ಲವೆ? ಹೊಸ್ತಿಲನ್ನು ದಾಟಿದ ಮೇಲೆ ಮನೆಯೊಳಗೆ ಏನಿದೆ ಎಂಬುದೇ ಪ್ರಶ್ನೆ. ಬೈರೂತಿನ ಸಭೆ ಅಕ್ಷರವನ್ನು ಕೊಟ್ಟಿತು. ಗ್ರಂಥವನ್ನು ಕೊಡುವುದು ಅದರ ಕೆಲಸವಾಗಿರಲಿಲ್ಲ. ಅಕ್ಷರ ಸಿದ್ಧವಾದೊಡನೆ ಗ್ರಂಥವೂ ಸಿದ್ಧವಾದಂತೆ ನಾವು ಭಾವಿಸಿದುದೇ ತಪ್ಪು.

ಅನಂತರದ ಅಂತರರಾಷ್ಟ್ರೀಯ ಪ್ರಯತ್ನಗಳನ್ನು ಈ ದೃಷ್ಟಿಯಿಂದ ನೋಡಬೇಕು. 1994ರ ಜೂನಿನಲ್ಲಿ ಸ್ಪೇನಿನ ಸಾಲಮಾಂಕ ನಗರದಲ್ಲಿ 92 ಸರಕಾರಗಳೂ 25 ಅಂತರರಾಷ್ಟ್ರೀಯ ಸಂಸ್ಥೆಗಳೂ ಕೂಡಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಸಾಮಾನ್ಯ ಶಾಲೆಗಳ ಬಾಗಿಲು ತೆರೆದಿರಬೇಕೆಂದು ಸಾರಿದುವು. ವಿಕಲಚೇತನರ ಹಕ್ಕುಗಳ ಕುರಿತು ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ಒಡಂಬಡಿಕೆಯನ್ನು ಭಾರತ 2007ರ ಅಕ್ಟೋಬರಿನಲ್ಲಿ ಒಪ್ಪಿಕೊಂಡಿತು. ಅದರ 24ನೆಯ ವಿಧಿ ಬ್ರೈಲ್ ಕಲಿಕೆಗೆ ನೆರವಾಗಬೇಕೆಂದೂ ಮಗುವಿಗೆ ಅತ್ಯಂತ ತಕ್ಕುದಾದ ಭಾಷೆಯಲ್ಲಿ ಶಿಕ್ಷಣ ದೊರೆಯಬೇಕೆಂದೂ ಹೇಳುತ್ತದೆ. 32ನೆಯ ವಿಧಿ ರಾಷ್ಟ್ರಗಳ ಪರಸ್ಪರ ಸಹಕಾರವನ್ನೇ ವಿಷಯವಾಗಿ ಉಳ್ಳದ್ದು. ಉದಾತ್ತವಾದ ಮಾತುಗಳಿವು. ಆದರೆ ತಕ್ಕುದಾದ ಭಾಷೆ ಯಾವುದು? ಮುಂಬಯಿಯ ಶಾಲೆಗೆ ಅದು ಮರಾಠಿ. ಹೈದರಾಬಾದಿನ ಶಾಲೆಗೆ ತೆಲುಗು. ಮನೆಯಲ್ಲಿ ಆಡುವ ಕನ್ನಡ ಈ ಲೆಕ್ಕದಲ್ಲಿ ಎಲ್ಲಿಯೂ ಸೇರುವುದಿಲ್ಲ. ಘೋಷಣೆಯನ್ನು ಬರೆದವರ ದೋಷವಲ್ಲ ಇದು. ಜಗತ್ತಿನ ಸಭೆಯಲ್ಲಿ ಕುಳಿತವರು ಪ್ರತಿಯೊಂದು ಮನೆಯ ಮಾತನ್ನೂ ಕೇಳಲಾರರು. ಆ ಮನೆಯವರು ಮಾತನಾಡಬೇಕು.

ಮೂರನೆಯದು 2013ರ ಜೂನ್ 27ರಂದು ಮೊರಾಕೋದ ಮರಾಕೇಶಿನಲ್ಲಿ ಅಂಗೀಕೃತವಾದ ಒಪ್ಪಂದ. ದೃಷ್ಟಿಹೀನರಿಗಾಗಿ ಗ್ರಂಥವನ್ನು ಬ್ರೈಲ್ ಮೊದಲಾದ ರೂಪಗಳಿಗೆ ತರಲು ಗ್ರಂಥಸ್ವಾಮ್ಯದ ಅಡ್ಡಿ ಇರಬಾರದು, ಹಾಗೆ ಸಿದ್ಧವಾದ ಪ್ರತಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಕಳುಹಬಹುದು ಎಂಬುದು ಇದರ ಸಾರ. ಇದನ್ನು ಎಲ್ಲರಿಗಿಂತ ಮೊದಲು ಸ್ಥಿರೀಕರಿಸಿದ ದೇಶ ಭಾರತ, 2014ರಲ್ಲಿ. ಒಪ್ಪಂದ 2016ರ ಸೆಪ್ಟೆಂಬರ್ 30ರಂದು ಜಾರಿಗೆ ಬಂದಿತು. ನಮ್ಮ ದೇಶದೊಳಗಿನ ಮಟ್ಟಿಗೆ 2012ರ ಗ್ರಂಥಸ್ವಾಮ್ಯ ತಿದ್ದುಪಡಿಯೇ ಈ ಅಡ್ಡಿಯನ್ನು ತೆಗೆದಿತ್ತು. ಬೆಂಗಳೂರಿನಲ್ಲಿ ಸಿದ್ಧವಾದ ಪ್ರತಿ ಮುಂಬಯಿಗೆ ಬರಲು ಮರಾಕೇಶಿನ ಅಪ್ಪಣೆ ಬೇಕಿಲ್ಲ. ಅಮೆರಿಕದ ಕನ್ನಡಿಗನಿಗೆ ಅದು ತಲಪಲು ಆ ಒಪ್ಪಂದ ದಾರಿ ಮಾಡಿದೆ. ಆದರೆ ಒಪ್ಪಂದ ಬಾಗಿಲ ಅಗುಳಿಯನ್ನು ಸರಿಸಿತೇ ಹೊರತು ಒಳಗೆ ಒಂದು ಪುಸ್ತಕವನ್ನೂ ಇಡಲಿಲ್ಲ. ಕಳುಹಿಸಲು ಪ್ರತಿಯೇ ಇಲ್ಲದವನಿಗೆ ಕಳುಹಿಸುವ ಹಕ್ಕಿನಿಂದ ಏನು ಪ್ರಯೋಜನ?

5

ಈ ಕೊರತೆಗೆ ಕಾರಣವನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಇಂದು ಗ್ರಂಥಗಳು ಗಣಕಯಂತ್ರದಲ್ಲಿಯೇ ಅಕ್ಷರಜೋಡಣೆಯಾಗುತ್ತವೆ. ಯೂನಿಕೋಡ್ ಪದ್ಧತಿಯಲ್ಲಿರುವ ಕನ್ನಡ ಪಾಠವನ್ನು ಬ್ರೈಲಿಗೆ ತಿರುಗಿಸುವ ತಂತ್ರಾಂಶ ಉಚಿತವಾಗಿಯೇ ದೊರೆಯುತ್ತದೆ. ತೆರೆಯ ಮೇಲಿನ ಕನ್ನಡವನ್ನು ಓದಿ ಹೇಳುವ ತಂತ್ರಾಂಶವೂ ಉಂಟು. ಅದನ್ನು ಆಸ್ಟ್ರೇಲಿಯದ ಇಬ್ಬರು ಅಂಧ ತರುಣರು 2006ರಲ್ಲಿ ಆರಂಭಿಸಿ ಜಗತ್ತಿಗೆಲ್ಲ ಬಿಟ್ಟುಕೊಟ್ಟರು. ಹೊರಗಿನವರು ಮಾಡಬೇಕಾದ್ದನ್ನು ಇಲ್ಲಿಯೂ ಮಾಡಿದ್ದಾರೆ. ನಾವಾದರೋ ಅನೇಕ ಗ್ರಂಥಗಳನ್ನು ಇನ್ನೂ ಹಳೆಯ ಅಕ್ಷರವಿನ್ಯಾಸಗಳಲ್ಲಿ ಜೋಡಿಸುತ್ತೇವೆ. ಅವು ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಒಳಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಅಂಧನ ಯಂತ್ರ ಅದನ್ನು ಓದಲು ಹೊರಟರೆ ಹೊರಡುವುದು ಕನ್ನಡವಲ್ಲ, ಗೊಂದಲ. ಮೈಸೂರು, ಕಲಕತ್ತೆ, ಗುಜರಾತುಗಳ ಹಳೆಯ ಸಂಕೇತಗಳ ಗೊಂದಲವನ್ನು 1951ರಲ್ಲಿ ಜಗತ್ತು ನಮಗಾಗಿ ನಿವಾರಿಸಿತು. ಅದೇ ಗೊಂದಲವನ್ನು ನಾವು ಹೊಸ ರೂಪದಲ್ಲಿ ಮತ್ತೆ ಕಟ್ಟಿಕೊಂಡಿದ್ದೇವೆ.

ಯಂತ್ರವೇ ಓದಿ ಹೇಳುವಾಗ ಚುಕ್ಕೆಗಳೇಕೆ ಎಂದು ಕೆಲವರು ಕೇಳುವುದುಂಟು. ಕೇಳುವುದು ಬೇರೆ, ಓದುವುದು ಬೇರೆ. ಅಲ್ಪಪ್ರಾಣ ಮಹಾಪ್ರಾಣಗಳ ಭೇದ, ದ್ವಿತ್ವದ ನೆಲೆ, ಪದ್ಯದಲ್ಲಿ ಸಾಲು ಮುರಿಯುವ ಜಾಗ, ಇವು ಕಿವಿಯ ಮೇಲೆ ಹಾದುಹೋಗುತ್ತವೆ. ಬೆರಳ ಕೆಳಗೆ ನಿಲ್ಲುತ್ತವೆ. ಕಣ್ಣುಳ್ಳ ಮಗುವಿಗೆ ಬರಿಯ ಧ್ವನಿಮುದ್ರಣವನ್ನು ಕೊಟ್ಟು ಅಕ್ಷರಸ್ಥನಾದನೆಂದು ನಾವು ಒಪ್ಪುವುದಿಲ್ಲ. ಅಂಧ ಮಗುವಿನ ವಿಷಯದಲ್ಲಿ ಮಾತ್ರ ಒಪ್ಪುವುದು ನ್ಯಾಯವಲ್ಲ.

ಈ ವಿಮರ್ಶೆಯಿಂದ ನಿಲ್ಲುವ ಅಭಿಪ್ರಾಯ ಇಷ್ಟು. ಅಂತರರಾಷ್ಟ್ರೀಯ ಸಹಕಾರ ಧ್ವನಿಯನ್ನು ಗೌರವಿಸಿ ಅಕ್ಷರವನ್ನು ಕೊಟ್ಟಿತು, ಹಕ್ಕನ್ನು ಸಾರಿತು, ಅಡ್ಡಿಯನ್ನು ತೆಗೆಯಿತು. ಭಾಷೆಯೊಳಗಿನ ಕೆಲಸವನ್ನು ಆ ಭಾಷೆಯವರಲ್ಲದೆ ಬೇರೆ ಯಾರೂ ಮಾಡಲಾರರು. ಪರಸ್ಥಳದ ಕನ್ನಡ ಸಂಘಗಳು ಪ್ರಕಾಶನವನ್ನೂ ನಡೆಸುತ್ತವೆ, ಗ್ರಂಥಾಲಯವನ್ನೂ ಇಟ್ಟುಕೊಂಡಿವೆ. ತಮ್ಮ ಪ್ರಕಟಣೆಗಳನ್ನು ಇನ್ನು ಮೇಲೆ ಯೂನಿಕೋಡಿನಲ್ಲಿ ಸಿದ್ಧಪಡಿಸುವುದು, ಅವುಗಳ ಮೂಲಪಾಠವನ್ನು ಅಂಧರ ಗ್ರಂಥಾಲಯಗಳಿಗೆ ಒಪ್ಪಿಸುವುದು, ಮರಾಠಿಯ ಅಥವಾ ಹಿಂದಿಯ ಬ್ರೈಲ್ ಬಲ್ಲ ನಮ್ಮ ಮಕ್ಕಳಿಗೆ ಆ ಎರಡು ಹ್ರಸ್ವಸ್ವರಗಳನ್ನು ಕಲಿಸುವುದು, ಈ ಮೂರು ಕೆಲಸಗಳಿಗೆ ಯಾವ ಸರಕಾರದ ಅನುದಾನವೂ ಬೇಕಿಲ್ಲ. ಈ ತ್ರೈಮಾಸಿಕದ ಸಂಚಿಕೆಗಳಿಂದಲೇ ಇದನ್ನು ಆರಂಭಿಸಬಹುದು. ಅಂಧರ ಶಿಕ್ಷಣದ ಬಗ್ಗೆ ಬರೆದ ಲೇಖನವನ್ನು ಅಂಧ ಓದುಗನು ಓದಲಾರದೆ ಹೋದರೆ, ಆ ಲೇಖನದ ಮೇಲೆ ಅದಕ್ಕಿಂತ ಕಠಿನವಾದ ವಿಮರ್ಶೆ ಇನ್ನೊಂದಿಲ್ಲ.